ಕೆರೆಯ ಏಡಿಗೂ ಅಪ್ಪಣೆ ಬೇಕಂತೆ, ಅತ್ತೆ

ಅತ್ತೆ,

ನಿಮ್ಮ ಸೊಸೆ ವೀಣಾ ಬರೆಯುತ್ತಿದ್ದೇನೆ. ನಿಮ್ಮ ಬಾಯಲ್ಲಿ ಕೊನೆಯವರೆಗೂ 'ಈಣಾ' ಆಗಿಯೇ ಉಳಿದವಳು. ನಿಮಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಕನ್ನಡಕ ಹುಡುಕಲು ಬೇಜಾರು, ಅಷ್ಟೇ. ಮದುವೆಯ ಪತ್ರಿಕೆ ಬಂದರೂ ಕರೆಂಟ್ ಬಿಲ್ ಬಂದರೂ 'ಏನ್ ಬರ್ದವ್ರೆ ನೋಡು ಮಗ' ಎಂದು ನನ್ನ ಕಡೆ ಚಾಚುತ್ತಿದ್ದಿರಿ. ಇದನ್ನು ಮಾತ್ರ ನೀವೇ ಓದಿಕೊಳ್ಳಬೇಕು. ನಿಮ್ಮ ಏಡಿಯ ದೆಸೆಯಿಂದ ಈ ಮನೆಯಲ್ಲಿ, ಕೆರೆಯ ಹತ್ತಿರ, ನನ್ನ ತವರಿನಲ್ಲಿ ಏನೇನಾಯಿತು ಎಂದು ನಿಮಗೆ ಹೇಳುವವರು ಬೇರೆ ಯಾರಿದ್ದಾರೆ?

ನಾನು ಈ ಮನೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಕರಕರ ಸದ್ದು ಕೇಳಿ ಬಾಗಿಲು ತೆರೆದೆ. ಬಕೆಟ್ಟಿನೊಳಗೆ ಕಂದು ಬಣ್ಣದ ಏಡಿಗಳು ಒಂದರ ಮೇಲೊಂದು ಹತ್ತಲು ನೋಡುತ್ತಿದ್ದವು. ತ್ಯಾಗರಾಜನಗರದಲ್ಲಿ, ಏಕಾದಶಿಯ ದಿನ ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ನಾನು. ಗೋಡೆಗೆ ಅಂಟಿಕೊಂಡು ನಿಂತೆ. ನೀವು ಹಿಂದಿನಿಂದ ಬಂದು, ಸೀರೆಯ ನೆರಿಗೆಗೆ ಹತ್ತಿದ ಕೆಸರು ಕೊಡವುತ್ತಾ, 'ಅವು ನಿನ್ನ ತಿನ್ನಾಕಿಲ್ಲ ಕಣ್ ಮಗ, ನಾವೇ ಅವ್ನ ತಿನ್ನದು' ಎಂದಿರಿ. ಅವತ್ತು ಏಡಿ ಸಾರು ಒಲೆ ಏರುವ ಮೊದಲೇ ನನಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಸಾರು ಇಳಿದಿತ್ತು. ತಿನ್ನು ಎಂದು ನೀವು ಯಾವತ್ತೂ ಬಲವಂತ ಮಾಡಲಿಲ್ಲ. ಎರಡೂ ಕಡೆಯವರು ವರ್ಷಗಟ್ಟಲೆ ಮಾತಾಡಿ ಮುಗಿಸಲಾಗದ ನನ್ನ ಜಾತಿಯ ವಿಷಯವನ್ನು ನೀವು ಒಂದು ಪಾತ್ರೆಯಲ್ಲಿ ಮುಗಿಸಿಬಿಟ್ಟಿರಿ. ಅಂಥವರಿಗೆ ನಾನು ಏನು ಮಾಡಿದರೆ ತಾನೇ...

ಮಹಾಲಯ ಅಮಾವಾಸ್ಯೆ ಇನ್ನೊಂದು ವಾರ ಇದೆ ಎನ್ನುವಾಗ ಮಾವ ಊಟದ ಮಧ್ಯೆ ಕೈ ನಿಲ್ಲಿಸಿದರು. ನೀವು ಹೋದ ಮೇಲೆ ಅವರು ಮಾತಾಡುವುದೇ ಅಪರೂಪ. ಹಿರಿಯರಿಗೆ ಎಡೆ ಇಡುವ ಹಬ್ಬ, ನಿಮಗೆ ಮೊದಲನೆಯ ಎಡೆ. ನಿಮ್ಮ ಮಗ ನಾಗರಾಜ್ ಕೋಳಿ, ವಡೆ, ಕಜ್ಜಾಯ ಎಂದು ಹೇಳುತ್ತಾ ಹೋದರು.

'ಕೋಳಿ ಯಾರಿಗ್ ಬೇಕಾದ್ರೂ ಇಕ್ತಾರೆ,' ಎಂದರು ಮಾವ. 'ಅವಳಿಗೆ ಏಡಿ ಇಕ್ಬೇಕು.'

'ಅದಕ್ಕೇನಪ್ಪ, ಮಾರ್ಕೆಟ್ಟಿಂದ ತರ್ತೀನಿ.'

'ಅದು ಸಮುದ್ರದ್ದು. ಅವಳು ಸಮುದ್ರಾನೇ ನೋಡ್ಲಿಲ್ಲ.'

ಇಷ್ಟು ಹೇಳಿ ಮುದ್ದೆ ಹಾಗೇ ಬಿಟ್ಟು ಎದ್ದರು. ನಾಗರಾಜ್ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿಕೊಂಡೆ. ನಮ್ಮ ಕೆರೆಯ ಏಡಿಯನ್ನು ಈಗ ತರುವುದಾದರೂ ಹೇಗೆ?

ನೀವು ಕಡೆಯ ಸಲ ಕೆರೆಗೆ ಹೋಗಿ ಬಂದಾಗ ಬೇಲಿ, ಗೇಟು ಆಗಷ್ಟೇ ಎದ್ದಿದ್ದವು. ಈಗ ವಾಕಿಂಗ್ ದಾರಿಗೆ ಕಲ್ಲು ಹಾಸಿದ್ದಾರೆ, ಗೇಟಿಗೆ ಗಾರ್ಡ್ ಇದ್ದಾನೆ, ಪಕ್ಕದಲ್ಲೇ 'ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ' ಎಂಬ ಬೋರ್ಡು. ಆ ಬೋರ್ಡು ಹಾಕಿಸಿದ ಕೆರೆ ಸಮಿತಿಗೆ ನನ್ನ ಅಪ್ಪನೇ ಕಾರ್ಯದರ್ಶಿ. ಅಮ್ಮ ಹೋದ ಮೇಲೆ ಅಪ್ಪ ತ್ಯಾಗರಾಜನಗರದ ಮನೆ ಬಿಟ್ಟು ಬಿಳೇಕಹಳ್ಳಿಯ ಈ ಕೆರೆಯ ಎದುರಿನ ಫ್ಲಾಟಿಗೆ ಬಂದದ್ದು ನಿಮಗೆ ಗೊತ್ತೇ ಇದೆ. ಮಗಳ ಹತ್ತಿರ ಇರಲು ಬಂದೆ ಎಂದು ಅವರು ಹೇಳಲಿಲ್ಲ, ಲಿಫ್ಟ್ ಚೆನ್ನಾಗಿದೆ ಎಂದರು. ನಮ್ಮ ಮನೆಗೆ ಬಂದರೆ ಹಾಲಿನಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಊಟದ ಹೊತ್ತಿಗೆ ಒಮ್ಮೆಯೂ ಬರಲಿಲ್ಲ. ನೀವು ಅದನ್ನು ಗಮನಿಸಿಯೂ ಆಡಿ ತೋರಿಸಲಿಲ್ಲ.

ಕೋಡಿಯ ಹತ್ತಿರ ಬೇಲಿಯ ಕೆಳಗೆ ಒಬ್ಬರು ನುಸುಳುವಷ್ಟು ಸಂದಿದೆ ಎಂದು ಹೇಳಿಕೊಟ್ಟವರು ನೀವೇ. ಯಾರಿಗೂ ಹೇಳದೆ, ಬೆಳಕು ಹರಿಯುವ ಮೊದಲೇ, ನಿಮ್ಮ ಬಕೆಟ್ ಹಿಡಿದು ಹೊರಟೆ. ಜನ್ಮದಲ್ಲಿ ಏಡಿ ಮುಟ್ಟಿದವಳಲ್ಲ ನಾನು. ನೀವು ಹೇಳುತ್ತಿದ್ದುದನ್ನೇ ಬಾಯಲ್ಲಿ ಹೇಳಿಕೊಂಡೆ: ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಇದ್ದರೆ ಏಡಿ, ನುಣ್ಣಗೆ ಉಜ್ಜಿದ ಹಾಗಿದ್ದರೆ ಹಾವು. ಆ ಮಬ್ಬಿನಲ್ಲಿ ಉಂಡೆ ಯಾವುದು, ನುಣುಪು ಯಾವುದು? ಮೊಣಕೈವರೆಗೆ ಕೈ ಹಾಕಿದಾಗ ಒಳಗೆ ಏನೋ ತಣ್ಣಗೆ ಸರಿಯಿತು. ಕೈ ಎಳೆದುಕೊಳ್ಳಲೂ ಆಗಲಿಲ್ಲ, ಮುಂದೆ ಚಾಚಲೂ ಆಗಲಿಲ್ಲ. ಆಮೇಲೆ ಬೆರಳನ್ನು ಕಚ್ಚಿ ಹಿಡಿದದ್ದು ಏಡಿಯೇ ಎಂದು ಗೊತ್ತಾದಾಗ ಆ ನೋವಿನಲ್ಲೂ ಎಷ್ಟು ಸಮಾಧಾನವಾಯಿತು ಎಂದು ನಿಮಗೆ ಬಿಟ್ಟು ಇನ್ಯಾರಿಗೆ ಅರ್ಥವಾಗುತ್ತದೆ? ಒಂದು ಸಿಕ್ಕಿತು. ಪಕ್ಕದ ಬಿಲದಲ್ಲಿ ಇನ್ನೊಂದು. ಅಷ್ಟರಲ್ಲಿ ಸೀಟಿ ಕೇಳಿಸಿತು.

ಗಾರ್ಡ್ ಓಡಿಬಂದ. ಅವನ ಹಿಂದೆ ವಾಕಿಂಗಿಗೆ ಬಂದಿದ್ದ ಒಬ್ಬರು ಮೊಬೈಲ್ ಎತ್ತಿ ಹಿಡಿದು ನನ್ನ ವಿಡಿಯೋ ಮಾಡಲು ಶುರು ಮಾಡಿದರು.

'ಲೈಸೆನ್ಸ್ ಇದ್ಯಾ ಮೇಡಂ?' ಎಂದು ಕೇಳಿದರು, ಮೊಬೈಲ್ ಇಳಿಸದೆ.

'ಏಡಿಗಾ?'

'ಯಾವುದಕ್ಕಾದ್ರೂ. ಬೋರ್ಡ್ ಓದೋಕ್ ಬರಲ್ವಾ? ಇರಿ, ಸೆಕ್ರೆಟರಿನ ಕರೆಸ್ತೀನಿ.'

ಅಪ್ಪ ಬಂದರು. ಮಂಕಿ ಕ್ಯಾಪು, ಬಿಳಿ ಕ್ಯಾನ್ವಾಸ್ ಶೂ. ನಾನು ಮೊಣಕೈವರೆಗೆ ಕೆಸರಾಗಿ, ಸೀರೆ ಎತ್ತಿಕಟ್ಟಿ, ಬೆರಳಲ್ಲಿ ರಕ್ತ ಸುರಿಸಿಕೊಂಡು ನಿಂತಿದ್ದೆ. ಅಪ್ಪ ಬಕೆಟ್ ನೋಡಿದರು, ನನ್ನನ್ನು ನೋಡಿದರು, ಮೊಬೈಲ್ ನೋಡಿದರು. ಆಮೇಲೆ ಗಾರ್ಡಿಗೆ ಹೇಳಿದರು: 'ಇವರು ಯಾರೇ ಆಗಿರಲಿ, ನಿಯಮ ಎಲ್ಲರಿಗೂ ಒಂದೇ. ಏಡಿಗಳನ್ನ ನೀರಿಗೆ ಬಿಡು. ಇವರನ್ನ ಗೇಟಿನ ತನಕ ಬಿಟ್ಟು ಬಾ.'

ಇವರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಪರಿಷೆ ತೋರಿಸಿದ ಅಪ್ಪ, 'ಇವರು' ಎಂದರು. ಗಾರ್ಡ್ ಬಕೆಟ್ ಬೋರಲು ಹಾಕಿದ. ಖಾಲಿ ಬಕೆಟ್ ಹಿಡಿದು ಹೇಗೆ ಮನೆಗೆ ಬಂದೆನೋ.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ತಮ್ಮ ಪ್ಲೈವುಡ್ ಅಂಗಡಿಯಲ್ಲಿ ಗಿರಾಕಿಯೊಬ್ಬ ತೋರಿಸಿದಾಗಲೇ ನಾಗರಾಜಿಗೆ ಗೊತ್ತಾದದ್ದು. ಶಟರ್ ಎಳೆದು ಬಂದರು. ಬಾಗಿಲಲ್ಲೇ ನಿಂತು, 'ಯಾಕ್ ಹೇಳಲಿಲ್ಲ ನನಗೆ?' ಎಂದರು. ಅದು ನನ್ನ ಮೇಲಿನ ಸಿಟ್ಟು. ಅದಾದ ಮೇಲೆ ಬಂದದ್ದು ಬೇರೆ.

'ನಮ್ ತಾತ ಹೂಳೆತ್ತಿದ ಕೆರೆ ಅದು. ನಮ್ ಗದ್ದೆಗೆ ನೀರು ಬಿಟ್ಟ ಕೆರೆ. ನಿನ್ನೆ ಮೊನ್ನೆ ಫ್ಲಾಟಿಗೆ ಬಂದೋರು ನನ್ ಹೆಂಡ್ತೀನ ನಿಲ್ಸಿ ಲೈಸೆನ್ಸ್ ಕೇಳ್ತಾರಾ? ನಿಮ್ಮಪ್ಪ ಅದನ್ನ ನೋಡ್ಕೊಂಡು...'

'ಅಪ್ಪ ತಮ್ಮ ಕೆಲಸ ಮಾಡಿದ್ರು, ರೀ.'

'ಹಾಗಾದ್ರೆ ನನ್ ಕೆಲಸ ನಾನು ಮಾಡ್ತೀನಿ. ಹಬ್ಬದ ಹಿಂದಿನ ದಿನ ಇಡೀ ಊರೇ ಒಳಗೆ ಹೋಗುತ್ತೆ. ಎಷ್ಟು ಜನಕ್ಕೆ ಲೈಸೆನ್ಸ್ ಕೇಳ್ತಾರೋ ಕೇಳಲಿ.'

ಸಂಜೆಗೆ ಹಳೇ ಊರಿನವರ ವಾಟ್ಸಾಪ್ ಗುಂಪಿಗೆ ಸಂದೇಶ ಹೋಯಿತು. ರಾತ್ರಿಯೊಳಗೆ ಸಮಿತಿಯ ಗುಂಪಿನಲ್ಲಿ ಉತ್ತರ ಬಂತು, ಪೊಲೀಸರಿಗೆ ತಿಳಿಸಲಾಗಿದೆ ಎಂದು. ಒಂದು ಕಡೆ ನನ್ನ ಗಂಡ, ಇನ್ನೊಂದು ಕಡೆ ನನ್ನ ಅಪ್ಪ. ನಡುವೆ ಯಾವುದೋ ಬಿಲದಲ್ಲಿ ನಿಮ್ಮ ಏಡಿ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಬಹುಶಃ ಇಬ್ಬರಿಗೂ ಬೈದು, ಹಿಟ್ಟು ಕಲಸಲು ಕೂರುತ್ತಿದ್ದಿರಿ.

ಮೀನುಗಾರಿಕೆ ಕಚೇರಿಯ ಮೆಟ್ಟಿಲು ಹತ್ತುವಾಗ ನನಗೆ ಒಂದೇ ಹಟ. ಆ ಬೋರ್ಡಿನಲ್ಲಿ ಮೀನು ಎಂದಿದೆ, ಏಡಿ ಎಂದಿಲ್ಲ. ಅದನ್ನು ಯಾರಾದರೂ ನನಗೆ ಬರೆದು ಕೊಟ್ಟರೆ ಸಾಕು, ಅಪ್ಪನ ಮುಂದೆ ಇಡುತ್ತೇನೆ ಎಂದುಕೊಂಡಿದ್ದೆ. ಒಳಗೆ ನನ್ನದೇ ವಯಸ್ಸಿನ ಅಧಿಕಾರಿ ಕೂತಿದ್ದರು. ನನ್ನ ಬೆರಳಿನ ಬ್ಯಾಂಡೇಜ್ ನೋಡಿ ಕುರ್ಚಿ ತೋರಿಸಿದರು.

'ಎಲ್ಲರೂ ಇದನ್ನೇ ಕೇಳ್ತಾರೆ ಮೇಡಂ,' ಎಂದರು. 'ನಮ್ಮ ನಿಯಮದಲ್ಲಿ ಮೀನು ಅಂದ್ರೆ ಬರೀ ಮೀನಲ್ಲ. ಏಡಿ, ಸೀಗಡಿ ಎಲ್ಲಾ ಅದರಲ್ಲೇ ಬರುತ್ತೆ.'

'ನಾನು ಮಾರೋಕೆ ಹಿಡಿದದ್ದಲ್ಲ. ಮನೆಗೆ.'

'ಮನೆಗಾದ್ರೂ, ಆಸೆಗಾದ್ರೂ, ಅನುಮತಿ ಬೇಕು. ಕೆರೇಲಿ ಹಿಡಿಯೋ ಹಕ್ಕು ಲೈಸೆನ್ಸ್ ತಗೊಂಡವರಿಗೆ. ನಿಮ್ಮ ಕೆರೆಗೆ ಈಗ ಅಂಥವರು ಯಾರೂ ಇಲ್ಲ. ಆದ್ರಿಂದ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಕಚೇರಿ ಒಪ್ಪಬೇಕು. ಆಮೇಲೆ ಯಾವ ಕಾಲ, ಯಾವ ವಿಧಾನ, ಎಷ್ಟು ಅಂತ ನಾವು ಹೇಳ್ತೀವಿ.'

'ಊರಿನ ಹಳಬರಿಗೂ?'

'ಹಳಬರು ಅಂತ ಅರ್ಜಿ ಕೊಡಬಹುದು. ಕೊಟ್ಟೇ ಇಲ್ಲವಲ್ಲ ಯಾರೂ.' ಆಮೇಲೆ ಅವರೇ ಕೇಳಿದರು, 'ತಿನ್ನೋಕಾ ಹಿಡಿದಿದ್ದು? ಕೆರೆಗೆ ಚರಂಡಿ ನೀರು ಸೇರುತ್ತಾ?'

'ಮಳೆ ಜೋರಾದ್ರೆ ಸೇರುತ್ತೆ.'

'ಹಾಗಾದ್ರೆ ನೀರು ಪರೀಕ್ಷೆ ಆಗೋ ತನಕ ತಿನ್ನಬೇಡಿ. ಇದು ನಿಯಮ ಅಂತಲ್ಲ, ಸುಮ್ನೆ ನಾನು ಹೇಳ್ತಿರೋದು.'

ನಿಮ್ಮ ಕಡೆಯ ತಿಂಗಳುಗಳ ಹೊಟ್ಟೆನೋವು ನೆನಪಾಯಿತು ಅತ್ತೆ. ಇಲ್ಲ, ಡಾಕ್ಟರು ಹೃದಯ ಎಂದೇ ಹೇಳಿದ್ದರು. ಆದರೂ... ಗೆದ್ದು ಬರಲು ಹೋದವಳು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಬಂದೆ. ನಿಯಮದ ಪ್ರಕಾರ ಅಪ್ಪನೇ ಸರಿ. ನಿಮಗೆ ಎಡೆ ಇಡಬೇಕೆಂದ ಮಾವ ಹೇಗೆ ತಪ್ಪಾಗುತ್ತಾರೆ?

ಅಪ್ಪನ ಫ್ಲಾಟಿನ ಬೆಲ್ ಒತ್ತಿದಾಗ ಅವರು ನನಗಾಗಿಯೇ ಕಾಯುತ್ತಿದ್ದವರಂತೆ ತಕ್ಷಣ ಬಾಗಿಲು ತೆರೆದರು. ಕಾಫಿ ಮಾಡಲು ಒಳಗೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ, 'ಎಲ್ಲರೆದುರು ಇವರು ಅಂದ್ರಿ. ನನ್ನ ಹೆಸರು ಮರೆತುಹೋಗಿತ್ತಾ ಅಪ್ಪ?'

ಅಪ್ಪ ತಿರುಗಲಿಲ್ಲ. 'ಹೆಸರು ಹಿಡಿದು ಕರೆದಿದ್ರೆ ಆಮೇಲೆ ನಿನ್ನ ಬಿಡಬೇಕಾಗ್ತಿತ್ತಮ್ಮ.'

ಹಾಲು ಉಕ್ಕಿತು. ಒರೆಸುತ್ತಾ ಹೇಳಿದರು, 'ನೀನು ಬಂದು ನನ್ನ ಕೇಳಬಹುದಿತ್ತು.'

'ಕೇಳಿದ್ರೆ ಬಿಡ್ತಿದ್ರಾ?'

'ಇಲ್ಲ.'

ಆಮೇಲೆ ಅಪ್ಪನೇ ಶುರು ಮಾಡಿದರು. ಹೋದ ಬೇಸಿಗೆಯಲ್ಲಿ ಯಾರೋ ಬಿಲಗಳಿಗೆ ಬ್ಲೀಚಿಂಗ್ ಪೌಡರ್ ಸುರಿದು ಏಡಿ ಎಬ್ಬಿಸಿದ್ದರಂತೆ. ಬೆಳಿಗ್ಗೆ ನೋಡಿದರೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ದಡದಲ್ಲಿ ಕೊಕ್ಕರೆಗಳು ಸತ್ತು ಬಿದ್ದಿದ್ದವು. ಬೋರ್ಡು ಬಂದದ್ದು ಆಮೇಲೆ. 'ಒಬ್ಬರನ್ನ ಬಿಟ್ರೆ ಅವರನ್ನೂ ಬಿಡಬೇಕು,' ಎಂದರು.

'ಅತ್ತೆ ಬಿಲಕ್ಕೆ ಕೈ ಬಿಟ್ಟರೆ ಬೇರೆ ಏನೂ ಹಾಕ್ತಿರಲಿಲ್ಲ.'

'ಗೊತ್ತು.'

'ನಿಮಗೆ ಹೇಗೆ ಗೊತ್ತು?'

ಅಪ್ಪ ಲೋಟ ಕೆಳಗಿಟ್ಟರು. 'ಎಷ್ಟೋ ಸಲ ನೋಡಿದ್ದೀನಿ. ಗೇಟ್ ತೆಗೆಯೋ ಮುಂಚೆ ಕೋಡಿ ಕಡೆಯಿಂದ ಬರೋರು. ನನ್ನ ಕಂಡ ತಕ್ಷಣ ಬಕೆಟ್ ಮೇಲೆ ಸೆರಗು ಮುಚ್ಚಿ, ಸೊಪ್ಪು ಕೀಳೋರ ಹಾಗೆ ಬಗ್ಗೋರು. ನಾನು ಆ ಕಡೆ ತಿರುಗಿ ಪ್ರಾಣಾಯಾಮ ಮಾಡ್ತಾ ಇರ್ತಿದ್ದೆ, ಅವರು ಹೋಗೋ ತನಕ. ಒಂದೊಂದು ದಿನ ಮೂಗು ಹಿಡಿದು ಹಿಡಿದು ಸಾಕಾಗೋದು.'

ಅತ್ತೆ, ಯಾರ ಕಣ್ಣಿಗೂ ಬೀಳದೆ ಬಂದೆ ಎಂದು ಪ್ರತಿ ಸಲವೂ ಬೀಗುತ್ತಿದ್ದಿರಲ್ಲ? ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಹಾಗಾದರೆ ನನಗೆ ಮಾತ್ರ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಅಪ್ಪ ಕಿಟಕಿಯಿಂದ ಕೆರೆ ನೋಡುತ್ತಾ, 'ಅವರನ್ನ ಯಾರೂ ವಿಡಿಯೋ ಮಾಡ್ತಿರಲಿಲ್ಲ. ಆ ದಿನ ನಾನು ಯಾವ ಕಡೆ ತಿರುಗಲಿ, ಹೇಳು?' ಎಂದರು.

ಅಮಾವಾಸ್ಯೆಯ ಹಿಂದಿನ ಸಂಜೆ ಗೇಟಿನ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಚೀಲ, ಬುಟ್ಟಿ. ನಾಗರಾಜ್ ಮುಂದೆ ನಿಂತಿದ್ದರು. ಒಳಗಡೆ ಅಪ್ಪ, ಸಮಿತಿಯ ನಾಲ್ಕಾರು ಜನ, ಮೊಬೈಲ್ ಎತ್ತಿ ಹಿಡಿದ ಅದೇ ಮಹಾಶಯರು. ರಸ್ತೆಯಾಚೆ ಪೊಲೀಸ್ ಜೀಪು.

'ಮಾವ, ಬೀಗ ತೆಗೀರಿ,' ಎಂದರು ನಾಗರಾಜ್, ನನ್ನಪ್ಪನಿಗೆ.

'ಕೀ ನನ್ನ ಜೇಬಲ್ಲೇ ಇದೆ ನಾಗರಾಜ್. ಆದ್ರೂ ತೆಗೆಯಲ್ಲ.'

ನಾನು ಗೇಟಿಗೆ ಬೆನ್ನು ಕೊಟ್ಟು ನಿಂತು ಆ ಅಧಿಕಾರಿ ಹೇಳಿದ್ದನ್ನೆಲ್ಲ ಹೇಳಿದೆ. ಏಡಿಯೂ ಮೀನಿನ ಲೆಕ್ಕವೇ, ಅರ್ಜಿ ಕೊಟ್ಟರೆ ದಾರಿ ಇದೆ, ನೀರು ಈಗ ಸರಿಯಿಲ್ಲ. ಯಾರೋ ಹಿಂದಿನಿಂದ 'ಅಪ್ಪನ ಮಗಳು' ಎಂದು ಕೂಗಿದರು. ನಾಗರಾಜ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, 'ನೀನು ಯಾರ ಕಡೆ, ವೀಣಾ?'

'ಅತ್ತೆ ಕಡೆ,' ಎಂದೆ.

ಅದು ಅವರಿಗೆ ಕೇಳಿಸಿತೋ ಇಲ್ಲವೋ. ಯಾರೋ ಕಲ್ಲೆತ್ತಿ ಬೀಗದ ಮೇಲೆ ಹಾಕಿದರು. ಎರಡನೆಯ ಏಟಿಗೆ ಅದು ಕಳಚಿಕೊಂಡಿತು. ಗೇಟು ಒಳಕ್ಕೆ ಹಾರಿ, ಅಪ್ಪ ಆಯ ತಪ್ಪಿ, ಅವರ ಕನ್ನಡಕ ಬಿದ್ದು, ಅದರ ಮೇಲೆ ಯಾರದೋ ಕಾಲು ಬಿತ್ತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಜನ ಒಳಗೆ ನುಗ್ಗುತ್ತಲೇ ಇದ್ದರು. ಆಗ ಒಂದು ಕೈ ಅಪ್ಪನ ರಟ್ಟೆ ಹಿಡಿದು ಗಾರ್ಡ್ ಕೋಣೆಯ ಗೋಡೆಯ ಪಕ್ಕಕ್ಕೆ ಎಳೆದುಕೊಂಡಿತು. ನೋಡಿದರೆ ಮಾವ. ಅವರು ಯಾವಾಗ ಮನೆಯಿಂದ ಬಂದರೋ ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಗೋಡೆಗೆ ಒರಗಿಸಿ, ಮುಂದೆ ಕೋಲು ಅಡ್ಡ ಹಿಡಿದು, 'ಅಲ್ಲಾಡ್ಬೇಡಿ ಸ್ವಾಮಿ' ಎಂದರು.

ಕೋಡಿಯ ಹತ್ತಿರ ಮೊಬೈಲ್ ಬೆಳಕುಗಳು ಬಗ್ಗಿದವು. ನಾನು ಓಡಿದೆ. ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು ಓಡಿಬರುತ್ತಿದ್ದರು. ನಾಗರಾಜ್ ಅಷ್ಟು ಹೊತ್ತಿಗೆ ಬಿಲದಿಂದ ಒಂದು ದೊಡ್ಡ ಏಡಿ ಎಳೆದು ಎತ್ತಿ ಹಿಡಿದಿದ್ದರು. ಮುಖದಲ್ಲಿ ಎಂಥ ಗೆಲುವು. ಪಕ್ಕದವನು ಬೆಳಕು ಬಿಟ್ಟ. ನಾಗರಾಜ್ ಏಡಿಯನ್ನು ತಿರುಗಿಸಿದರು, ಹಾಗೇ ನಿಂತರು. ಅದರ ಹೊಟ್ಟೆಯ ಪದರದ ಕೆಳಗೆ ಸಾಸಿವೆಯಷ್ಟು ಸಾಸಿವೆಯಷ್ಟು ಮರಿಗಳು, ಒತ್ತೊತ್ತಾಗಿ, ಮಿಸುಕುತ್ತಿದ್ದವು.

'ಇನ್ನೊಂದು ನೋಡು,' ಎಂದರು ಪಕ್ಕದವನಿಗೆ. ಅದರಲ್ಲೂ ಮರಿ. ಮೂರನೆಯದರಲ್ಲೂ.

'ಬಿಡ್ರೋ,' ಎಂದರು ನಾಗರಾಜ್. ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಅವರು ದನಿಯೆತ್ತಿದರು. 'ಮರಿ ಇರೋ ಏಡಿ ತಂದಿದ್ದಕ್ಕೆ ನಮ್ಮವ್ವ ನನಗೆ ಸೌದೇಲಿ ಹೊಡೆದಿದ್ಲು. ಇದನ್ನ ಒಯ್ದು ಅವಳಿಗೇ ಎಡೆ ಇಡ್ಲಾ? ಬಿಡ್ರೋ ನೀರಿಗೆ.'

ಬಗ್ಗಿ, ಕೈಯಲ್ಲಿದ್ದುದನ್ನು ಬಿಲದ ಬಾಯಿಗೇ ಇಟ್ಟರು. ಹಲವರು ಬಿಟ್ಟರು. ಎಲ್ಲರೂ ಬಿಡಲಿಲ್ಲ ಅತ್ತೆ, ಸುಳ್ಳು ಯಾಕೆ ಹೇಳಲಿ. ಇಬ್ಬರು ಚೀಲ ತುಂಬಿಕೊಂಡು ಕತ್ತಲಲ್ಲಿ ಬೇಲಿ ಹಾರಿದರು. ಪೊಲೀಸರು ನಾಗರಾಜ್ ಹೆಸರನ್ನೂ ಬರೆದುಕೊಂಡರು, ಬೈದರು, ಕಡೆಗೆ ಅಪ್ಪ ದೂರು ಬರೆದುಕೊಡಲಿಲ್ಲವೆಂದು ಕಳಿಸಿದರು. ಮಾರನೆಯ ಬೆಳಿಗ್ಗೆ ನಾಗರಾಜ್ ಹೊಸ ಬೀಗ ತಂದು ಗೇಟಿಗೆ ಹಾಕಿ, ಕೀಯನ್ನು ಅಪ್ಪನ ಕೈಗೆ ಕೊಟ್ಟು ಬಂದರು.

ನಿಮ್ಮ ಎಡೆಗೆ ಕಡೆಗೂ ಮಾರ್ಕೆಟ್ಟಿನ ಏಡಿಯೇ ಬಂತು. ನಾನೇ ಸಾರು ಮಾಡಿದೆ, ಮೂಗಿಗೆ ಸೆರಗು ಕಟ್ಟಿಕೊಂಡು. ಮಸಾಲೆ ನಿಮ್ಮ ಕೈಯಳತೆಯದು, ಉಪ್ಪು ಸ್ವಲ್ಪ ಮುಂದಾಯಿತು. ಎಲೆಯ ಮುಂದೆ ಮಾವ ಬಹಳ ಹೊತ್ತು ಕೂತಿದ್ದರು. ಕರ್ಪೂರ ಹಚ್ಚುವಾಗ, 'ಸಮುದ್ರ ನೋಡ್ದಂಗಾಯ್ತು ಬುಡು ನಿಂಗೆ' ಎಂದು ನಿಮಗೆ ಹೇಳಿದರು. ನಿಮಗೆ ಕೇಳಿಸಿತಾ?

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಬಿಳಿ ಹಾಳೆ. ಮಾವನ ಎದುರು ಕೂತು, 'ಅರ್ಜಿ ನಾನು ಬರೀತೀನಿ. ಹೇಗೆ ಹಿಡಿಯೋದು, ಹೇಗೆ ಹಿಡಿಯಬಾರದು, ನೀವು ಹೇಳಿ' ಎಂದರು. ಮಾವ ಮೊದಲು ಅನುಮಾನದಿಂದಲೇ ನೋಡಿದರು. ಆಮೇಲೆ ಬಾಯಿ ಬಿಟ್ಟರು. 'ಏರಿ ಅಗೀಬಾರ್ದು, ಕೆರೆ ಒಡೀತದೆ,' ಎಂದರು. ಅಪ್ಪ 'ಕೆರೆಯ ಏರಿಯನ್ನು ಯಾವುದೇ ಕಾರಣಕ್ಕೂ ಅಗೆಯತಕ್ಕದ್ದಲ್ಲ' ಎಂದು ಬರೆದರು. 'ಬಲೆ ಗಿಲೆ ಬ್ಯಾಡ, ಔಷ್ದಿ ಬ್ಯಾಡ, ಬರೀ ಕೈ.' ಅದನ್ನೂ ಬರೆದರು. 'ಮರಿ ಇರೋ ಏಡಿ ಮುಟ್ಟಿದ್ರೆ ಕೈ ಮುರೀಬೇಕು,' ಎಂದರು ಮಾವ. ಅಪ್ಪ ಪೆನ್ನು ಎತ್ತಿ, 'ಇದನ್ನ ಸ್ವಲ್ಪ ಬದಲಾಯಿಸಲಾ?' ಎಂದು ಕೇಳಿದರು. ಅಡುಗೆಮನೆಯಲ್ಲಿ ನಾಗರಾಜ್ ನಕ್ಕದ್ದು ಕೇಳಿಸಿತು. ಬರೆದು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ನಾನು ಕೇಳಲಿಲ್ಲ. ಮಾವನಿಗೆ ಒಂದು ತಟ್ಟೆ ಇಟ್ಟೆ, ಪಕ್ಕದಲ್ಲಿ ಇನ್ನೊಂದು ಇಟ್ಟು ಬೇಳೆ ಸಾರು ಬಡಿಸಿದೆ. ಅಪ್ಪ ಕೈ ತೊಳೆದು ಬಂದು ಕೂತರು.

ಮೊನ್ನೆ ಕಚೇರಿಯಿಂದ ಉತ್ತರ ಬಂದಿದೆ. ಚರಂಡಿ ನೀರನ್ನು ಬೇರೆ ಕಡೆ ತಿರುಗಿಸುವ ಕೆಲಸ ಮ್ಯಾನೇಜ್‌ಮೆಂಟ್ ಕಾಲೇಜು ಇರುವ ದಿಕ್ಕಿನಿಂದ ಶುರುವಾಗಿದೆ. ಅದು ಮುಗಿದು, ನೀರಿನ ಪರೀಕ್ಷೆ ಸರಿ ಬಂದರೆ ಮಾತ್ರ, ವರ್ಷಕ್ಕೆ ಒಂದು ದಿನ, ಮರಿ ಮಾಡುವ ಕಾಲ ಕಳೆದ ಮೇಲೆ, ಹೆಸರು ಬರೆಸಿದವರು ಕೈಯಲ್ಲಿ ಹಿಡಿಯಬಹುದಂತೆ. ಪರೀಕ್ಷೆ ಸರಿ ಬರದಿದ್ದರೆ ಇಲ್ಲ. ಹಬ್ಬದ ದಿನಕ್ಕೆ ಅದು ಹೊಂದುವುದಿಲ್ಲ, ನಿಮ್ಮ ಎಡೆಯನ್ನು ಇನ್ನೊಂದು ದಿನಕ್ಕೆ ಇಡುತ್ತೇವೆ, ಅಷ್ಟಕ್ಕೆ ನೀವು ಬೇಜಾರು ಮಾಡಿಕೊಳ್ಳುವವರಲ್ಲ. ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ. ಕೇಳುವುದನ್ನು ಬಿಡುವುದಿಲ್ಲ ಎಂದು ಮಾತ್ರ ಕೊಡುತ್ತೇನೆ.

ನಿನ್ನೆ ಅಪ್ಪನ ಫ್ಲಾಟಿನಲ್ಲಿ ಹೆಸರು ಬರೆಸುವ ಕೆಲಸ ಶುರುವಾಯಿತು. ಮಾವ, ನಾಗರಾಜ್, ನಾನು. ನಮ್ಮ ಹೆಸರಿನ ಕೆಳಗೆ ಅಪ್ಪ ತಮ್ಮ ಹೆಸರನ್ನೂ ಬರೆದಿದ್ದರು. ನೀವು ಏಡಿ ಹಿಡೀತೀರಾ ಎಂದು ನಾನು ಕೇಳಿದೆ. 'ಛೆ ಛೆ. ಪಕ್ಕದಲ್ಲಿ ನಿಂತು ನೋಡೋರಿಗೂ ಪಾಸು ಬೇಕು ಅಂತ ಅರ್ಜಿಯಲ್ಲಿ ನಾನೇ ಬರೆದಿದ್ದೀನಲ್ಲ,' ಎಂದು ಎದ್ದು ಕಿಟಕಿಯ ಹತ್ತಿರ ಹೋದರು. ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದೆ. ಕೆರೆಗೆ ಇಳಿಯುವ ಉದ್ದೇಶ ಎಂಬಲ್ಲಿ ಎಲ್ಲರೂ 'ಮನೆ ಬಳಕೆಗೆ' ಎಂದು ಬರೆಸಿದ್ದಾರೆ. ಮದುವೆಯಾದಾಗಿನಿಂದ ಇವತ್ತಿನವರೆಗೆ ಅಪ್ಪನ ಬಾಯಲ್ಲಿ ನಾನೂ ಕೇಳದ, ನೀವೂ ಕೇಳದೆ ಹೋದ ಒಂದು ಮಾತು ಅವರ ಹೆಸರಿನ ಮುಂದೆ, ಅವರದೇ ದುಂಡು ಅಕ್ಷರದಲ್ಲಿ ಇದೆ, ಅತ್ತೆ. 'ಬೀಗರ ಜೊತೆಗೆ.'

ನಿಮ್ಮ
ಈಣಾ